ಸೊನ್ನೆ ಒತ್ತಿದರೆ ಸಾಯ್ರಾಗುಲ್ ಅಕ್ಕ

ನಮ್ಮ ಉಣ್ಣೆ ಕಾರ್ಖಾನೆಗೆ ಹೊಸ ಟೆಲಿಫೋನ್ ಯಂತ್ರ ಬಂದ ಮೇಲೆ ಒಳಗೊಳಗೇ ಯಾರು ಯಾರಿಗೆ ಬೇಕಾದರೂ ನೇರವಾಗಿ ಫೋನ್ ಮಾಡಬಹುದಿತ್ತು. ಉಗ್ರಾಣಕ್ಕೊಂದು ನಂಬರು, ವರ್ಕ್‌ಶಾಪಿಗೊಂದು, ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ತುಂಬುವ ನನಗೂ ಒಂದು. ನನ್ನ ತಲೆಯಲ್ಲಿ ನಂಬರು ನಿಲ್ಲುವುದಿಲ್ಲ. ಸೊನ್ನೆ ಒತ್ತಿದರೆ ಮೊದಲಿನ ಹಾಗೆಯೇ ಆಪರೇಟರ್ ಸಾಯ್ರಾಗುಲ್ ಅಕ್ಕ ಸಿಗುತ್ತಿದ್ದರು. ಸಿಗುವುದೇನೋ ಸುಲಭ, ಅವರಿಂದ ತಪ್ಪಿಸಿಕೊಂಡು ಉಗ್ರಾಣ ಮುಟ್ಟುವುದೇ ಕಷ್ಟ.

"ಎಸೆನ್ ತಮ್ಮಾ, ಮೈ ಹುಷಾರಾಗಿದೆಯಾ? ಹೆಂಡ್ತಿ ಮಕ್ಕಳು? ಕುರಿ ಕುದುರೆ ಎಲ್ಲಾ ಸುಖವಾಗಿವೆಯಾ?"

ನಮ್ಮ ನಾರಿನ್ ಊರಿನಲ್ಲಿ ಎಲ್ಲರೂ ಹೀಗೆಯೇ ಕೇಳುತ್ತಾರೆ. ಆದರೆ ಉಳಿದವರು ಉತ್ತರಕ್ಕೆ ಕಾಯುವುದಿಲ್ಲ, ಇವರು ಕಾಯುತ್ತಾರೆ.

"ಅಕ್ಕಾ, ಉಗ್ರಾಣಕ್ಕೆ ಕೊಡಿ ಅಂದ್ರೆ..."

"ಕೊಡ್ತೀನಪ್ಪಾ. ಕುದುರೆ ಕಾಲು ವಾಸಿಯಾಯ್ತಾ?"

ಗೊಣಗುತ್ತಲೇ ಶುರು ಮಾಡುತ್ತಿದ್ದೆ. ಕುದುರೆಯ ಮಾತು ಬಂದರೆ ನನ್ನ ಬಾಯಿಗೂ ಬೀಗವಿಲ್ಲ.

ಆ ಬೆಳಗ್ಗೆ ಚಳಿ ಎಲುಬು ಕೊರೆಯುತ್ತಿತ್ತು. ನಾನು ದೊಡ್ಡ ಜಾಣನ ಹಾಗೆ ಕಿಟಕಿಯ ಸಂದಿಗೆಲ್ಲ ಕಂಬಳಿ ತುರುಕಿ ಬೆಚ್ಚಗೆ ಕುಳಿತೆ. ರಾತ್ರಿ ಬಿದ್ದ ಹಿಮ ಹೊಗೆಕೊಳವೆಯನ್ನು ಮುಚ್ಚಿತ್ತೆಂದು ನನಗೇನು ಗೊತ್ತು? ತಲೆ ಭಾರವಾಯಿತು, ನಿದ್ದೆ ಸಾಲದ್ದಕ್ಕೆ ಅಂದುಕೊಂಡೆ. ಸಲಿಕೆಯ ಹಿಡಿ ಮುರಿದಿತ್ತು, ಹೊಸದು ಕೇಳೋಣವೆಂದು ಸೊನ್ನೆ ಒತ್ತಿದೆ. ಅಲ್ಲಿಂದ ಮುಂದೆ ನನಗೆ ನೆನಪಿಲ್ಲ. ಉಳಿದದ್ದನ್ನು ಹೇಳಿದವನು ಮೆಕ್ಯಾನಿಕ್ ನೂರ್ದಿನ್.

ಅವನಿಗೆ ಅಕ್ಕನ ಫೋನ್ ಬಂತಂತೆ. "ಬಾಯ್ಲರ್ ಮನೆಗೆ ಓಡೋ!"

"ಏನಾಯ್ತಕ್ಕಾ?"

"ಕುದುರೆ ಹೇಗಿದೆ ಅಂದೆ. 'ಇದೆ' ಅಂದ. ಎಸೆನ್ ಅಷ್ಟಕ್ಕೇ ನಿಲ್ಲಿಸೋ ಮನುಷ್ಯನೇನೋ? ಓಡು!"

ಕಣ್ಣು ಬಿಟ್ಟಾಗ ನಾನು ಅಂಗಳದ ಹಿಮದ ಮೇಲಿದ್ದೆ. ನೂರ್ದಿನ್ ಕೆನ್ನೆಗೆ ಹೊಡೆಯುತ್ತಿದ್ದ, ಹಳೇ ಸೇಡೆಲ್ಲ ತೀರಿಸಿಕೊಳ್ಳುವವನ ಹಾಗೆ. ಇನ್ನು ಸ್ವಲ್ಪ ತಡವಾಗಿದ್ದರೆ ಹೊರಹೋಗದೆ ಒಳಗೇ ತುಂಬಿದ್ದ ಕಲ್ಲಿದ್ದಲಿನ ವಿಷಗಾಳಿ ನನ್ನನ್ನು ಬಿಡುತ್ತಿರಲಿಲ್ಲ ಎಂದರು ಡಾಕ್ಟರು. ನನ್ನ ಮಕ್ಕಳಿಗೆ ಇವತ್ತು ಅಪ್ಪ ಇದ್ದರೆ ಅದು ಆ ಅಕ್ಕನ ಪುಣ್ಯ. ಈ ಋಣ ತೀರುವಂಥದ್ದಲ್ಲ.

ಮತ್ತೆ ಕೆಲಸಕ್ಕೆ ಹೋದ ದಿನ ಮೊದಲು ಸೊನ್ನೆ ಒತ್ತಿದೆ.

"ಉಗ್ರಾಣಕ್ಕಾ ತಮ್ಮಾ?" ಎಂದರು ಅಕ್ಕ.

"ಅವಸರ ಏನಕ್ಕಾ? ಮೊದಲು ಕೇಳೋದು ಕೇಳಿ."

ನಗುತ್ತಾ ಕೇಳಿದರು. ನಾನೂ ಒಂದೊಂದಾಗಿ ಹೇಳಿದೆ: ಮೈ ಹುಷಾರಾಗಿದೆ, ಹೆಂಡತಿ ಬೈಯುವಷ್ಟು ಗಟ್ಟಿಯಾಗಿದ್ದಾಳೆ, ಕುದುರೆ ಓಡಾಡುತ್ತಿದೆ.

"ಕುರಿ ಮಾತ್ರ ಒಂದು ಕಮ್ಮಿಯಾಗಿದೆ" ಎಂದೆ.

"ಅಯ್ಯೋ, ತೋಳ ಬಂತಾ?"

"ಇಲ್ಲಕ್ಕಾ. ನಿಮ್ಮ ಹೆಸರಲ್ಲಿ ಕೊಯ್ದೆ. ಹೆಂಡ್ತಿ ಆಗ್ಲೇ ಹಂಡೆ ಏರಿಸಿದಾಳೆ. ಸಂಜೆ ಬನ್ನಿ, ಮೊದಲ ತುಂಡು ನಿಮ್ಮ ತಟ್ಟೆಗೆ."

ಆ ಕಡೆಯಿಂದ ಮೂಗೆಳೆಯುವ ಸದ್ದು ಕೇಳಿತು. ನನಗೆ ಗಾಬರಿಯಾಯಿತು.

"ಅಕ್ಕಾ? ಮೈ ಹುಷಾರಾಗಿದೆಯಾ?"

"ಅಳ್ತಾ ಇದ್ದೀನಿ ಕಣೋ, ಸ್ವಲ್ಪ ತಡಿ" ಎಂದರು.

ನಾನು ಕಾಯುತ್ತಾ ನಿಂತೆ.