ಬಿರುಕಿನ ಕಡೆಗೆ ಓಡಿದವನು

ಉಲ್ಲಾಸ್ ಯಾವ ವಸ್ತುವನ್ನೂ ಸುಮ್ಮನೆ ಕೈಯಲ್ಲಿ ಹಿಡಿದು ನಡೆದವನಲ್ಲ. ಅಂಗಡಿಯಿಂದ ತಂದ ಹಾಲಿನ ಬಾಟಲಿಯಿರಲಿ, ಅವನ ತಾಯಿ ನಮ್ಮ ಮನೆಗೆ ಕೊಟ್ಟು ಕಳುಹಿಸಿದ ತೆಂಗಿನಕಾಯಿಯಿರಲಿ, ಅದನ್ನು ಮೊಳಕೈಯ ಮಡಿಕೆಯೊಳಗೆ ಇಳಿಸಿ, ಪಕ್ಕೆಲುಬಿಗೆ ಒತ್ತಿ, ಇನ್ನೊಂದು ತೋಳನ್ನು ಮೇಲಿನಿಂದ ಅಡ್ಡ ತಂದು, ಯಾರೋ ಕಿತ್ತುಕೊಳ್ಳಲು ಹೊಂಚು ಹಾಕಿದ್ದಾರೆ ಎಂಬಂತೆ ತುಸು ಬಾಗಿ ನಡೆಯುತ್ತಿದ್ದ. ನಾವಿರುವ ಹಾರ್ಬೋರ್ನ್‌ನ ಪೇಟೆಬೀದಿ ಹೈ ಸ್ಟ್ರೀಟಿನಲ್ಲಿ ಎದುರಿನಿಂದ ಜನ ಬಂದರೆ ಅವನ ಭುಜ ತಾನಾಗಿ ಓರೆಯಾಗುತ್ತಿತ್ತು. ಅಷ್ಟು ಬಲಿಷ್ಠವಾದ ದೇಹವೊಂದು ಯಾರನ್ನೂ ಸೋಕದೆ ಗುಂಪಿನೊಳಗಿಂದ ಜಾರಿಹೋಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವನು ನಮ್ಮ ಪಕ್ಕದ ಮನೆಯ ಮಗ. ತಂದೆ ನಾಗಭೂಷಣ ಡರ್ಬಿಯ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್, ಮಿತಭಾಷಿ. ತಾಯಿ ಶಕುಂತಲಾ ಇಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್. ತಲೆಗೆ ಪೆಟ್ಟು ಬಿದ್ದವರ ವಾರ್ಡೇ ಅವರ ಕರ್ಮಭೂಮಿ. ಇಲ್ಲೇ ಹುಟ್ಟಿದ ಉಲ್ಲಾಸ್ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ. ತಾಯಿಯೊಡನೆ ಮತ್ತು ನನ್ನೊಡನೆ ಮಾತ್ರ ಎರಡೂ ಬೆರೆತ ಒಂದು ಭಾಷೆ ಹೊರಡುತ್ತಿತ್ತು. ಭೂಗೋಳ ಓದಲೆಂದು ಲೀಡ್ಸ್‌ಗೆ ಹೋದವನು ಅಲ್ಲಿ ಶಿರಸ್ತ್ರಾಣ ತೊಟ್ಟು ಆಡುವ ಅಮೆರಿಕನ್ ಫುಟ್‌ಬಾಲಿಗೆ ಮನಸೋತ. ಯುಗಾದಿಯ ಊಟದಲ್ಲಿ ಚಮಚ, ಬಟ್ಟಲುಗಳನ್ನು ಸಾಲಾಗಿಟ್ಟು ನಮಗೆ ಆಟವನ್ನು ವಿವರಿಸಿದ. ಅವನು ರನ್ನಿಂಗ್ ಬ್ಯಾಕ್. ಚೆಂಡನ್ನು ಎದೆಗವಚಿಕೊಂಡು, ಎದುರಾಳಿಗಳು ಗೋಡೆಯಂತೆ ನಿಂತಲ್ಲಿಗೇ ಓಡುವುದು ಅವನ ಕೆಲಸ.

"ಅಲ್ಲಿ ದಾರೀನೇ ಇಲ್ವಲ್ಲೋ?" ಎಂದರು ಶಕುಂತಲಾ.

"ಗ್ಯಾಪ್ ಬರತ್ತೆ ಅಮ್ಮಾ. ಜಸ್ಟ್ ಒನ್ ಸೆಕೆಂಡ್. ಅದು ಬರೋಕೆ ಮುಂಚೇನೇ ಓಡ್ಬೇಕು."

"ಬರದೇ ಹೋದ್ರೆ?"

ಅವನು ನಕ್ಕು ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು ಪಾಯಸ ಕುಡಿದ.

ಲೀಡ್ಸ್‌ನ ಒಂದು ಮೈದಾನದಲ್ಲಿ, ನವೆಂಬರಿನ ಕೆಸರಿನಲ್ಲಿ, ನಾನೂ ನಾಗಭೂಷಣರೂ ಅವನ ಆಟ ನೋಡಿದ್ದೇವೆ. ದೇಹಗಳ ಆ ಗುರುತು ಸಿಗದ ರಾಶಿಯೊಳಗೆ ಅವನು ಮುಳುಗಿದ್ದನ್ನು ಕಂಡೆವು; ಆಮೇಲೆ ಎಲ್ಲರೂ ಇನ್ನೂ ಅಲ್ಲೇ ಹೆಣಗುತ್ತಿರುವಾಗ, ಅವನೊಬ್ಬನೇ ಆಚೆಯ ತೆರೆದ ಹುಲ್ಲಿನ ಮೇಲೆ, ಹಿಂದೆ ತಿರುಗಿ ನೋಡದೆ ಓಡುತ್ತಿದ್ದ. ಎಂದೂ ಗಟ್ಟಿಯಾಗಿ ಮಾತಾಡದ ನಾಗಭೂಷಣ ಎದ್ದು ನಿಂತು ಅಪರಿಚಿತರ ನಡುವೆ ಅಚ್ಚ ಮೈಸೂರು ಕನ್ನಡದಲ್ಲಿ "ಓಡೋ, ಓಡೋ ಮಗನೇ!" ಎಂದು ಕೂಗಿದರು. ಇಂದಿಗೂ ಆ ಕೂಗಿಗಾಗಿ ಅವರು ತಮ್ಮನ್ನು ಕ್ಷಮಿಸಿಕೊಂಡಿಲ್ಲ.

ಓದು ಮುಗಿಯುತ್ತಲೇ ಅಮೆರಿಕದ ಒಂದು ತಂಡ ಅವನನ್ನು ಪರೀಕ್ಷಿಸಿ ಮೀಸಲು ಆಟಗಾರನನ್ನಾಗಿ ಇಟ್ಟುಕೊಂಡಿತು. ವಾರವಿಡೀ ಅಭ್ಯಾಸದಲ್ಲಿ ಪೆಟ್ಟು ತಿಂದು ಮಿಕ್ಕವರನ್ನು ಹುರಿಗೊಳಿಸುವುದು, ಪಂದ್ಯದ ದಿನ ತಂಡದ ಉದ್ದನೆಯ ಕಪ್ಪು ಕೋಟು ತೊಟ್ಟು ಗೆರೆಯಾಚೆ ನಿಲ್ಲುವುದು, ಇಷ್ಟೇ ಅವನ ಪಾಲಿಗೆ ಬಂದದ್ದು. ಒಂದೇ ಒಂದು ಪಂದ್ಯದಲ್ಲೂ ಆಡಿಸದೆ ಕೈಬಿಟ್ಟರು. ಅಲ್ಲಿಂದ ಜರ್ಮನಿಯ ಒಂದು ತಂಡಕ್ಕೆ ಹೋದ. ಅಲ್ಲಿ ಕೆಲವು ವರ್ಷ ಅವನು ನಿಜವಾಗಿಯೂ ರಾಜನಾಗಿದ್ದ. ಬೀದಿಯಲ್ಲಿ ಜನ ಹೆಸರು ಹಿಡಿದು ಕರೆಯುತ್ತಿದ್ದರಂತೆ. ಮಂಡಿಯೊಳಗಿನ ತಂತು ಹರಿಯಿತು, ಹೊಲಿಸಿಕೊಂಡು ಮತ್ತೆ ಓಡಿದ. ತಲೆಗೆ ಬಿದ್ದ ಪೆಟ್ಟುಗಳ ಸಂಗತಿ ಮಾತ್ರ ಯಾರಿಗೂ ಹೇಳಲಿಲ್ಲ.

ಮೂವತ್ತು ದಾಟುವ ಮೊದಲೇ ಹಾರ್ಬೋರ್ನ್‌ಗೆ ಮರಳಿ ಬಂದ. ಬೇಸಗೆಯಲ್ಲೂ ಆ ಕಪ್ಪು ಕೋಟು, ಬೆಳಕು ಚುಚ್ಚುತ್ತದೆಂದು ಹಣೆಯವರೆಗೆ ಎಳೆದ ಅದರ ಟೋಪಿ. ಆರಂಭಿಸಿದ ವಾಕ್ಯವನ್ನು ಮಧ್ಯದಲ್ಲಿ ಬಿಟ್ಟು, ಅದು ಎಲ್ಲಿಗೆ ಹೋಯಿತೆಂದು ಹುಡುಕುವವನಂತೆ ನೆಲ ನೋಡುತ್ತಿದ್ದ. ಒಂದು ಭಾನುವಾರ ನಾನು ಅಲ್ಲಿದ್ದಾಗ ಶಕುಂತಲಾ, ವಾರ್ಡಿನಲ್ಲಿ ರೋಗಿಗಳನ್ನು ಕೇಳುವ ಧಾಟಿಯಲ್ಲೇ, "ತಿಂಗಳುಗಳ ಹೆಸರು ಹಿಂದಿನಿಂದ ಹೇಳು ಮರಿ" ಎಂದರು. ಡಿಸೆಂಬರ್, ನವೆಂಬರ್ ಎಂದು ಹೊರಟವನು ಸೆಪ್ಟೆಂಬರಿನ ಬಳಿ ನಿಂತುಬಿಟ್ಟ.

"ತಲೆಗೆ ಏಟು ಬಿದ್ದಾಗೆಲ್ಲ ಟೀಮ್ ಡಾಕ್ಟರೂ ಇದನ್ನೇ ಕೇಳ್ತಿದ್ರು," ಎಂದು ನಗಲು ಯತ್ನಿಸಿದ. "ಅವರು ನನ್ ಹತ್ರ ಬರೋ ಮುಂಚೆ ಬೇರೆಯವ್ರನ್ನ ಕೇಳ್ಕೊಂಡ್ಬಿಡ್ತಿದ್ದೆ, ಸ್ಕೋರ್ ಎಷ್ಟು, ಮ್ಯಾಚ್‌ನ ಯಾವ ಕ್ವಾರ್ಟರ್ ನಡೀತಿದೆ ಅಂತ. ತಿಂಗಳು ಬಾಯಿಪಾಠ ಮಾಡಿದ್ದೆ. ಇಲ್ಲಾಂದ್ರೆ ಆಡೋಕೆ ಬಿಡ್ತಿರ್ಲಿಲ್ಲ."

"ಎಷ್ಟು ಸಲ ಹೀಗ್ಮಾಡ್ದೆ?"

"ಡೋಂಟ್ ನೋ, ಅಮ್ಮಾ."

ಸಾವಿರಾರು ತಾಯಂದಿರಿಗೆ ಧೈರ್ಯ ಹೇಳಿದ ಆ ಹೆಂಗಸು ಮಗನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದರು. ಅವನು ಹೊರಗೆಲ್ಲೂ ಹೊರಟಿರಲಿಲ್ಲ.

ಪದೇ ಪದೇ ಬಿದ್ದ ಪೆಟ್ಟಿನಿಂದ ಮಿದುಳು ಸವೆಯುವ ರೋಗವಿರಬಹುದೆಂದು ತಜ್ಞರು ಅನುಮಾನಿಸಿದರು; ಆದರೆ ಆ ರೋಗವನ್ನು ಖಚಿತವಾಗಿ ಗುರುತಿಸುವುದು ಸತ್ತ ಮೇಲೆ, ಮಿದುಳನ್ನು ತೆರೆದು ನೋಡಿದಾಗ ಮಾತ್ರ ಎಂದೂ ಹೇಳಿದರು. ನಡುವೆ ಉಲ್ಲಾಸ್ ಮ್ಯಾಂಚೆಸ್ಟರಿನ ಒಂದು ಕ್ಲಬ್ಬಿನಲ್ಲಿ ತರಬೇತುದಾರನಾಗಿ ಸೇರಿದ್ದ. ತಾನೇ ಕೊಟ್ಟ ಸೂಚನೆ ಮರೆತು, ಅದನ್ನು ಪಾಲಿಸಿದ ಆಟಗಾರನ ಮೇಲೆ ಕೈಯೆತ್ತಿದನಂತೆ. ಕರೆತರಲು ಹೋದ ನಾಗಭೂಷಣರಿಗೆ ಅವನು ಸಿಕ್ಕಿದ್ದು ಕಾರ್ ಪಾರ್ಕಿನಲ್ಲಿ. ತನ್ನ ಕಾರು ಕದ್ದಿದ್ದಾರೆಂದು ಅಳುತ್ತಿದ್ದ. ಅವನು ಅಲ್ಲಿಗೆ ಹೋದದ್ದು ರೈಲಿನಲ್ಲಿ.

ಕಳೆದ ವಾರ ಅವರ ಹಿತ್ತಲಿನಲ್ಲಿ ಉಲ್ಲಾಸನ ಜೊತೆ ಕೂತು, ಕೇಳಬಾರದಾಗಿದ್ದ ಪ್ರಶ್ನೆಯೊಂದನ್ನು ಕೇಳಿದೆ: "ಮೊದಲೇ ಇದೆಲ್ಲ ಗೊತ್ತಿದ್ದಿದ್ರೆ ಆಡ್ತಿದ್ಯಾ?"

ಎಷ್ಟೋ ದಿನಗಳ ಮೇಲೆ ಅವನ ಕಣ್ಣು ನೆಲದಿಂದ ಮೇಲೆದ್ದಿತು. "ಗೊತ್ತಿತ್ತು ಅಂಕಲ್," ಎಂದ, ಒಂದು ಪದವೂ ತೊಡರದಂತೆ. "ನಾಳೆ ಕರೆದ್ರೂ ಹೋಗ್ತೀನಿ."

ಅಡುಗೆಮನೆಯ ಕಿಟಕಿ ತೆರೆದಿತ್ತು. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು, ಮತ್ತೆ ಶುರುವಾಗಲಿಲ್ಲ.

ಕೆಲವರಿಗೆ ಆನಂದವೆಂಬುದು ಒಂದೇ ಕಡೆ, ಒಂದೇ ರೂಪದಲ್ಲಿ ದೊರೆಯುತ್ತದೆ. ಅದು ತಮ್ಮನ್ನು ತಿನ್ನುತ್ತಿದೆಯೆಂದು ತಿಳಿದೂ ಅವರು ಅದರ ಬಳಿಗೆ ಹೋಗುತ್ತಾರೆ. ಅಂಥವರನ್ನು ಮೂಢರೆಂದು ಕರೆದು ಸಮಾಧಾನ ಪಡುವ ಸೌಕರ್ಯ ದೂರದವರಿಗಿದೆ. ಹೆತ್ತವರಿಗೆ, ನೆರೆಯವರಿಗೆ ಅದೂ ಇಲ್ಲ. ನಾವು ಅವರ ಅನ್ನ, ಔಷಧಿ, ನಿದ್ರೆಗಳನ್ನು ಕಾಯುತ್ತ ಅವರನ್ನು ಬದುಕಿಸುತ್ತಿದ್ದೇವೆಂದುಕೊಳ್ಳುತ್ತೇವೆ. ಅವರಾದರೋ ತಮ್ಮ ಬದುಕು ಆಗಲೇ ಮುಗಿದಿದೆಯೆಂದು ಬಲ್ಲವರು, ನಮಗೆ ನೋವಾಗದಿರಲೆಂದು ಮಾತ್ರ ಇನ್ನೂ ಉಸಿರಾಡುತ್ತಿರುತ್ತಾರೆ.