ಮುಂದೆರಡು, ಹಿಂದೊಂದು

ಲೊರೀನ್ ಟ್ಯಾಕೆಟ್ ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿ ಮೇ ತಿಂಗಳಲ್ಲಿ ನಿವೃತ್ತಳಾದಳು. ಅದರ ಮರುವಾರವೇ ಕೆಂಪು ಬಣ್ಣದ ಮೂರು ಚಕ್ರದ ಗಾಡಿಯೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದಳು. ಮುಂದೆ ಎರಡು ಚಕ್ರ, ಹಿಂದೆ ನಟ್ಟನಡುವೆ ದಪ್ಪನೆಯದೊಂದು. ಚಾವಣಿಯಿಲ್ಲ, ಬಾಗಿಲಿಲ್ಲ. ಪಕ್ಕಪಕ್ಕದಲ್ಲಿ ಎರಡೇ ಸೀಟು. ಅವೂ ಎಷ್ಟು ತಗ್ಗಿನಲ್ಲಿದ್ದವೆಂದರೆ, ಕೂತವರು ಕೈ ಇಳಿಬಿಟ್ಟರೆ ಬೆರಳು ರಸ್ತೆಗೆ ತಾಕೀತು ಎನ್ನುವಂತಿತ್ತು.

ವರಾಂಡದಲ್ಲಿ ಕೂತಿದ್ದ ಗಂಡ ವೆಂಡೆಲ್ ಗಾಡಿಯನ್ನು ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ.

"ಏನಿದು?"

"ಗಾಡಿ."

"ಅದು ಕಾಣ್ತಿದೆ. ಯಾರಿಗೆ?"

"ನನಗೆ. ಪಕ್ಕದ ಸೀಟು ಖಾಲಿ ಇದೆ, ಬೇಕಾದವರು ಕೂತ್ಕೋಬಹುದು."

ವೆಂಡೆಲ್ ಮುಖ ತಿರುಗಿಸಿದ. ಅಮೆರಿಕದ ಓಝಾರ್ಕ್ ಬೆಟ್ಟಗಳ ಅಂಕುಡೊಂಕು ರಸ್ತೆಗಳಲ್ಲಿ ಅವನು ನಲವತ್ತು ವರ್ಷ ಬೈಕು ಓಡಿಸಿದವನು. ಹೋದ ಶರತ್ಕಾಲದಲ್ಲಿ ಅವನ ಒಳಕಿವಿ ಕೆಟ್ಟಿತ್ತು. ಹೇಳದೆ ಕೇಳದೆ ತಲೆ ಸುತ್ತು ಬಂದು ನೆಲ ಯಾವುದು, ಆಕಾಶ ಯಾವುದು ತಿಳಿಯದಂತಾಗುತ್ತಿತ್ತು. ಇನ್ನು ಮೇಲೆ ಯಾವ ಗಾಡಿಯನ್ನೂ ಓಡಿಸಕೂಡದೆಂದು ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು. ಬೈಕು ಮಾರಿದ. ಪ್ರತಿ ಶನಿವಾರ ಬೆಳಿಗ್ಗೆ ಅವನ ಹಳೆಯ ಜೊತೆಗಾರರು ಬೆಟ್ಟದಾಚೆಯ ಹೋಟೆಲಿಗೆ ತಿಂಡಿಗೆ ಹೋಗುವಾಗ ಬೈಕುಗಳ ಸದ್ದು ಮನೆ ಮುಂದೆಯೇ ಹಾದುಹೋಗುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ವೆಂಡೆಲ್ ಎದ್ದು ಒಳಗೆ ಹೋಗುತ್ತಿದ್ದ. ಲೊರೀನ್ ಚಳಿಗಾಲವಿಡೀ ಅದನ್ನು ಅಡುಗೆಮನೆಯಿಂದ ನೋಡಿದ್ದಳು. ಗಾಡಿ ತಂದದ್ದು ಅದಕ್ಕೇ ಎಂದು ಬಾಯಿಬಿಟ್ಟರೆ ಅವನು ಜನ್ಮದಲ್ಲಿ ಹತ್ತುವುದಿಲ್ಲವೆಂದು ಗೊತ್ತಿದ್ದುದರಿಂದ ಸುಮ್ಮನಿದ್ದಳು.

ಎರಡು ವಾರ ಅವಳು ಶಾಲೆಯ ಖಾಲಿ ಮೈದಾನದಲ್ಲಿ ಒಬ್ಬಳೇ ಅಭ್ಯಾಸ ಮಾಡಿ, ಆಮೇಲೆ ರಸ್ತೆಗಿಳಿದಳು. ಬಸ್ಸಿನಲ್ಲಿ ಊರೆಲ್ಲ ಅವಳ ಕಾಲ ಕೆಳಗಿರುತ್ತಿತ್ತು. ಈಗ ಪಕ್ಕದಲ್ಲಿ ಲಾರಿ ಬಂದರೆ ಅದರ ಗಾಲಿಯ ನಟ್ಟು ಕಣ್ಣಿಗೆ ನೇರ ಕಾಣುತ್ತಿತ್ತು. ಎತ್ತರದಲ್ಲಿ ಕೂತವರ ಕಣ್ಣಿಗೆ ಏನೇನು ಬೀಳುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗಾಗಿ ಮರದ ದಿಮ್ಮಿ ಹೊತ್ತ ಲಾರಿಗಳ ಮಗ್ಗುಲಲ್ಲಿ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಒಂದೋ ಹಿಂದೆ ಉಳಿಯುತ್ತಿದ್ದಳು, ಇಲ್ಲವೇ ಬೇಗ ದಾಟಿಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಮನೆಗೆ ಬಂದವಳು ಹೆಲ್ಮೆಟ್ ಕಳಚಿ ವರಾಂಡದ ಮೆಟ್ಟಿಲ ಮೇಲೆ ಕುಸಿದು ಕೂತಳು.

"ರಸ್ತೇಲಿ ಲಾರಿ ಟೈರಿನ ತುಂಡು ಬಿದ್ದಿತ್ತು. ಮುಂದಿನ ಎರಡು ಚಕ್ರದ ಮಧ್ಯ ಬಿಟ್ಟೆ. ಹಿಂದಿನಿಂದ ಯಾರೋ ಒದ್ದ ಹಾಗೆ ಎಗರಿತು."

ವೆಂಡೆಲ್ ಎಷ್ಟೋ ತಿಂಗಳ ಮೇಲೆ ಗಟ್ಟಿಯಾಗಿ ನಕ್ಕ. "ಅಲ್ಲ ಕಣೆ, ಮಧ್ಯದಲ್ಲೇ ಅಲ್ವಾ ಮೂರನೇ ಚಕ್ರ ಇರೋದು! ಅದು ಬಸ್ಸಲ್ಲ. ಗುಂಡಿ ಆಗಲಿ, ಸತ್ತ ಪ್ರಾಣಿ ಆಗಲಿ, ಪೂರ್ತಿ ಬಳಸ್ಕೊಂಡೇ ಹೋಗಬೇಕು."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀನೆಲ್ಲಿ ಕೇಳಿದೆ?"

"ಈಗ ಕೇಳ್ತಿದೀನಿ. ಬಂದು ಪಕ್ಕದಲ್ಲಿ ಕೂತು ಹೇಳು."

ಮಾತಿಗೆ ಸಿಕ್ಕಿಬಿದ್ದ ವೆಂಡೆಲ್ ಗೊಣಗುತ್ತ ಬಂದು ಕೂತ. ಬೆಲ್ಟು ಹಾಕಿಕೊಂಡ. ಹೆಲ್ಮೆಟ್ಟನ್ನು ಮಾತ್ರ ಕಾಲಬಳಿ ಇಟ್ಟುಕೊಂಡ. "ಬೈಕಲ್ಲೇ ನಾನು ಹಾಕ್ತಿರಲಿಲ್ಲ. ಸ್ಟೇರಿಂಗ್ ಇರೋ ಗಾಡೀಲಿ ಹಾಕ್ಕೊಂಡು ಕೂತರೆ ಊರು ನಗುತ್ತೆ."

ಲೊರೀನ್ ಎಂಜಿನ್ ಆರಿಸಿ, ಚೀಲದಿಂದ ಸೇಬು ತೆಗೆದು ತಿನ್ನತೊಡಗಿದಳು. ಅರ್ಧ ಸೇಬು ಮುಗಿಯುವಷ್ಟರಲ್ಲಿ ಅವನು ಹೆಲ್ಮೆಟ್ ಹಾಕಿಕೊಂಡಿದ್ದ.

ಆಮೇಲೆ ದಿನವೂ ಹೊರಟರು. ತಿರುವಿನಲ್ಲಿ ಜಲ್ಲಿ ಎಲ್ಲಿ ಕೂಡಿರುತ್ತದೆ, ಯಾವ ಇಳಿಜಾರಿನ ಕೊನೆಗೆ ಜಿಂಕೆಗಳು ಅಡ್ಡ ಬರುತ್ತವೆ, ಎಲ್ಲವೂ ವೆಂಡೆಲ್‌ಗೆ ಬಾಯಿಪಾಠ. ಅವನು ಹೇಳುತ್ತಿದ್ದ, ಅವಳು ತಿರುಗಿಸುತ್ತಿದ್ದಳು. ಜೂನ್ ಕೊನೆಯ ಶನಿವಾರ ಅವನೇ ಬಾಯಿಬಿಟ್ಟು, "ಹೋಟೆಲಿಗೆ ಹೋಗೋಣ್ವಾ?" ಎಂದ.

ಹೋಟೆಲಿನ ಮುಂದೆ ಹತ್ತು ಬೈಕು ಸಾಲಾಗಿ ನಿಂತಿದ್ದವು. ಅವನ ಹಳೆಯ ಗೆಳೆಯ ಡ್ಯೂಯಿ ಬಾಗಿಲಲ್ಲೇ ಕಾಫಿ ಹಿಡಿದು ನಿಂತಿದ್ದ.

"ಏನೋ ವೆಂಡೆಲ್, ಸ್ಕೂಲ್ ಬಸ್ಸಲ್ಲಿ ಬಂದ್ಯಾ? ಮೇಡಮ್ಮು ಡಬ್ಬಿ ಕಟ್ಟಿಕೊಟ್ಟಿದಾರಾ? ನೋಡ್ರೋ, ಮೂತಿ ಒರೆಸೋಕೆ ಕರ್ಚೀಫು ಪಿನ್ ಮಾಡಿರಬೇಕು!"

ಎಲ್ಲರೂ ನಕ್ಕರು. ಅದರಲ್ಲಿ ವಿಷವಿರಲಿಲ್ಲ, ಅವನು ಬಂದನಲ್ಲ ಎಂಬ ಖುಷಿಯೇ ಇತ್ತು. ಆದರೆ ವೆಂಡೆಲ್ ನಗದೆ ಒಳಗೆ ಹೋಗಿ ಮೂಲೆಯ ಕುರ್ಚಿ ಹಿಡಿದು ಕೂತ. ಗ್ರೇವಿ ಸುರಿದ, ಬನ್ನಿನಂಥ ಬಿಸಿ ಬಿಸ್ಕಿಟ್ ಅವನ ತಟ್ಟೆಯಲ್ಲೇ ಆರಿತು.

ಮರಳುವಾಗ ಬೆಟ್ಟದ ನೆತ್ತಿಯಲ್ಲಿ ಮಳೆ ಹಿಡಿಯಿತು. ಬೈಕಿನವರು ಒಬ್ಬೊಬ್ಬರಾಗಿ ಅವರನ್ನು ದಾಟಿ ಮುಂದೆ ಹೋದರು. ಡ್ಯೂಯಿ ಹಾರನ್ ಹೊಡೆದು ಕೈಬೀಸಿದ.

"ಕೆಳಗೆ ಚರ್ಚಿದೆ, ಅಲ್ಲಿ ನಿಲ್ಸೋಣ," ಎಂದಳು ಲೊರೀನ್. "ಮಳೆ ಶುರುವಾದಾಗ ರಸ್ತೆ ಎಣ್ಣೆ ಹಚ್ಚಿದ ಹಾಗಿರುತ್ತೆ."

"ಅವರೆಲ್ಲ ಹೋಗ್ಲಿಲ್ವಾ? ಎರಡೇ ಚಕ್ರದಲ್ಲಿ ಹೋದರು. ನೀನು ಬಸ್ಸಿನ ಥರ ತೆವಳ್ತಾ ಇದ್ದೀಯ. ಒತ್ತು, ಹೋಗಲಿ."

ಅವಳು ಅದೇ ವೇಗದಲ್ಲಿ ಮುಂದಿನ ತಿರುವಿಗೆ ಇಳಿದಳು.

"ಒತ್ತೇ, ಲೊರೀನ್!"

ತಿರುವಿನ ಕೊನೆಯಲ್ಲಿ ಅವಳು ಆಕ್ಸಿಲರೇಟರ್ ಒತ್ತಿದಳು. ಹಿಂದಿನ ಚಕ್ರ ಹಿಡಿತ ಬಿಟ್ಟಿತು. ಗಾಡಿಯ ಬಾಲ ಬಲಕ್ಕೆ ಜಾರಿತು. ಲೊರೀನ್ ಬ್ರೇಕು ತುಳಿಯಲಿಲ್ಲ, ಕಾಲು ಮೇಲೆತ್ತಿ, ಜಾರಿದ ಕಡೆಗೇ ಸ್ಟೇರಿಂಗ್ ತಿರುಗಿಸಿ ಹಿಡಿದಳು. ಆದರೂ ಗಾಡಿ ಅರ್ಧ ಸುತ್ತು ಹಾಕಿ, ಬಂದ ದಾರಿಗೆ ಮುಖ ಮಾಡಿ, ರಸ್ತೆಯಂಚಿನ ಹುಲ್ಲಿನಲ್ಲಿ ನಿಂತಿತು. ಹುಲ್ಲಿನಾಚೆ ಎರಡು ಮಾರು ದೂರದಲ್ಲಿ ಕಮರಿ.

ಗಾಡಿ ನಿಂತರೂ ವೆಂಡೆಲ್‌ಗೆ ಬೆಟ್ಟ, ಮರ, ಮಳೆ ಎಲ್ಲ ಗಿರಗಿರನೆ ತಿರುಗುತ್ತಲೇ ಇದ್ದವು. ಅವಳು ಅವನ ಹೆಲ್ಮೆಟ್ ಕಳಚಿ, ಅವನನ್ನು ಪಕ್ಕಕ್ಕೆ ಬಾಗಿಸಿ, ವಾಂತಿಯಾಗುವವರೆಗೆ ಹಣೆ ಹಿಡಿದುಕೊಂಡಳು. ಆಮೇಲೆ ಗಾಡಿ ತಿರುಗಿಸಿ, ನಡೆಯುವ ವೇಗದಲ್ಲಿ ಚರ್ಚಿನ ಜಗುಲಿಗೆ ತಂದಳು.

ಇಬ್ಬರೂ ಜಗುಲಿಯ ಸೂರಿನಡಿ ಕೂತರು. ಬಟ್ಟೆಯಿಂದ ನೀರು ಸುರಿಯುತ್ತಿತ್ತು.

"ನನ್ನ ತಪ್ಪು," ಎಂದ ವೆಂಡೆಲ್, ಗೋಡೆಗೆ ತಲೆಯಾನಿಸಿ.

"ಇಲ್ಲ," ಎಂದಳು ಲೊರೀನ್. "ಮೂವತ್ತೊಂದು ವರ್ಷ ಹಿಂದಿನ ಸೀಟಿಂದ 'ಜೋರಾಗಿ, ಇನ್ನೂ ಜೋರಾಗಿ' ಅಂತ ಕೂಗೋರ ಮಧ್ಯೆ ಗಾಡಿ ಓಡಿಸಿದೀನಿ. ಒಂದು ದಿನಾನೂ ಒಬ್ಬರ ಮಾತೂ ಕೇಳಲಿಲ್ಲ. ಇವತ್ತು ಕೇಳಿದೆ." ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. "ನೀನು ಕೂಗಿದೆ ಅಂತ ಕೇಳಿದೆ, ವೆಂಡೆಲ್. ನಿನ್ನನ್ನೇ ಕಮರಿಗೆ ಹಾಕ್ತಿದ್ದೆನಲ್ಲ."

ನಲವತ್ತು ವರ್ಷದ ಸಂಸಾರದಲ್ಲಿ ಅವಳು ಅತ್ತದ್ದನ್ನು ವೆಂಡೆಲ್ ಎರಡೇ ಸಲ ನೋಡಿದ್ದ. ಅವಳ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೂತ.

ಅಷ್ಟರಲ್ಲಿ ಬೈಕಿನ ಸದ್ದು ಕೇಳಿತು. ಅವರು ಹಿಂದೆ ಕಾಣದ್ದರಿಂದ ಗಾಬರಿಯಾಗಿ ಡ್ಯೂಯಿ ಹಿಂತಿರುಗಿ ಬಂದಿದ್ದ. ತೊಯ್ದು ತೊಪ್ಪೆಯಾಗಿದ್ದ.

"ತಿರುವಲ್ಲಿ ಹುಲ್ಲು ಕಿತ್ತುಹೋಗಿದೆ. ಎದೆ ಝಲ್ಲಂತು ಕಣೋ. ಏನಾಯ್ತು? ಅತ್ತಿಗೆ ಜಾರಿಸಿಬಿಟ್ರಾ?"

ಹೌದೆಂದುಬಿಡುವುದು ವೆಂಡೆಲ್‌ಗೆ ಎಷ್ಟು ಹೊತ್ತಿನ ಕೆಲಸ? ಶನಿವಾರದ ಗೆಳೆಯರೆಲ್ಲ ಆ ಮಾತನ್ನು ನಗುತ್ತ ನಂಬಿಬಿಡುತ್ತಿದ್ದರು.

"ಜಾರಿಸಿದ್ದು ನಾನು," ಎಂದ. "ನಿನ್ನ ಮಾತು ನನಗೆ ಚುಚ್ಚಿತ್ತು, ಅದನ್ನ ಅವಳ ಮೇಲೆ ತೀರಿಸ್ಕೊಂಡೆ. ಸ್ಟೇರಿಂಗ್ ಅವಳ ಕೈಲಿ ಇರದಿದ್ದರೆ ನೀನು ಈಗ ನಮ್ಮನ್ನ ಕೆಳಗೆ ಹುಡುಕಬೇಕಾಗ್ತಿತ್ತು."

ಡ್ಯೂಯಿ ತೊಯ್ದ ಟೋಪಿ ತೆಗೆದು ಹಿಂಡಿದ. "ಅತ್ತಿಗೆ, ನನ್ನ ನಾಲಿಗೆಗೆ ಬ್ರೇಕಿಲ್ಲ. ತಪ್ಪಾಯ್ತು."

"ಕೂತ್ಕೊಳಪ್ಪ, ಮಳೆ ನಿಲ್ಲಲಿ," ಎಂದಳು ಲೊರೀನ್. ಮೂವರೂ ಕೂತರು. ಮಳೆ ನಿಂತ ಮೇಲೂ, ರಸ್ತೆ ಒಣಗಿ ಬೆಳ್ಳಗಾಗುವವರೆಗೆ ಅವಳು ಏಳಲಿಲ್ಲ. ಅವರಿಬ್ಬರೂ ಏಳಲಿಲ್ಲ.

ಅದೇ ವಾರ ಹಿಂದಿನ ಟೈರನ್ನು ಪರೀಕ್ಷಿಸಿದರು. ಅದು ಹೊಸದೇ, ಆದರೆ ಒಣರಸ್ತೆಗೆ ಮಾಡಿದ್ದು. ನೀರನ್ನು ಸೀಳಿಕೊಂಡು ಹೋಗುವಂಥದ್ದನ್ನು ಹಾಕಿಸಿದರು. ಮುಂದಿನ ಶನಿವಾರಗಳಲ್ಲಿ ಸಾಲಿನ ಕಟ್ಟಕಡೆಗೆ ಕೆಂಪು ಗಾಡಿ ಇರುತ್ತಿತ್ತು. ಮೋಡ ಕಂಡ ದಿನ ಇರುತ್ತಿರಲಿಲ್ಲ. ತಲೆ ಸುತ್ತುವುದು ವೆಂಡೆಲ್‌ಗೆ ಪೂರ್ತಿ ನಿಲ್ಲಲಿಲ್ಲ. ಆದರೆ ಬೈಕುಗಳ ಸದ್ದಿಗೆ ಒಳಗೆ ಹೋಗುವುದು ನಿಂತಿತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ನದಿಯಂಚಿನ ರಸ್ತೆಯಲ್ಲಿ ಹೋಗುತ್ತಿದ್ದರು. ವೆಂಡೆಲ್ ನೀರನ್ನೇ ನೋಡುತ್ತಿದ್ದ. ತಿರುವುಗಳನ್ನೇ ನೋಡುತ್ತ ಓಡಿಸಿದವನಿಗೆ ಆ ನದಿ ಅಷ್ಟು ಹಸಿರಾಗಿದೆಯೆಂದು ತಿಳಿದೇ ಇರಲಿಲ್ಲ.

"ಲೊರೀನ್, ಅಷ್ಟು ವರ್ಷ ಬೈಕಲ್ಲಿ ನನ್ನ ಹಿಂದೆ ಕೂತು ನೀನು ಇದನ್ನೆಲ್ಲ ನೋಡ್ತಿದ್ಯಾ?"

"ಎಲ್ಲಿಂದ? ನಿನ್ನ ಬೆನ್ನು ಅಡ್ಡ ಇರ್ತಿತ್ತು."

ವೆಂಡೆಲ್ ನಕ್ಕ. ಮುಂದೆ ರಸ್ತೆ ಅಗಲವಾಗಿದ್ದಲ್ಲಿ ನಿಲ್ಲಿಸಲು ಹೇಳಿದ. ಅವಳು ಕನ್ನಡಿ ನೋಡಿ, ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗಾಡಿಯನ್ನು ಮೆಲ್ಲಗೆ ಬದಿಗೆ ತಂದು ನಿಲ್ಲಿಸಿದಳು. ಇಬ್ಬರೂ ನದಿಯನ್ನು ನೋಡುತ್ತ ಕೂತರು.