ಎರಡು ಸಾಲಿನಲ್ಲಿ ಸುಟ್ಟ ಗ್ರಹ

ಕಂಪೌಂಡರ್ ಮತ್ತೆ ಕುರ್ಚಿಯಿಂದ ಎದ್ದು ಬಾಗಿಲ ತನಕ ಹೋಗಿ ವಾಪಸು ಬಂದರು. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮನೆಯ ಒಳಕೋಣೆಯಲ್ಲಿ ಬಿಳಿ ಹೊದಿಕೆಯ ಕೆಳಗೆ ಪ್ಲಂಬರ್ ಮಲಗಿದ್ದ. ವರ್ಷಗಟ್ಟಲೆ ಇವರೊಡನೆ ಮಾತು ಬಿಟ್ಟಿದ್ದ ಪುಣ್ಯಾತ್ಮ, ಈಗ ಎಲ್ಲರೊಡನೆಯೂ ಬಿಟ್ಟಿದ್ದ.

"ವ್ಯಾನ್ ಬರೋದು ಇನ್ನೂ ಹೊತ್ತಾಗುತ್ತೆ, ಕೂತ್ಕೊಳ್ಳಿ," ಎಂದ ಪ್ಲಂಬರನ ತಮ್ಮ. "ನಿಮ್ಮಿಬ್ಬರ ಜಗಳ ಯಾತಕ್ಕೆ ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಆಸ್ತಿನಾ?"

"ಗ್ರಹ," ಎಂದರು ಕಂಪೌಂಡರ್.

ತಮ್ಮ ನಗಬೇಕೋ ಬಿಡಬೇಕೋ ತಿಳಿಯದೆ ಗೋಡೆ ನೋಡಿದ.

*

ಇಬ್ಬರೂ ಒಂದು ಮಾಸಪತ್ರಿಕೆಗೆ ಕತೆ ಬರೆಯುತ್ತಿದ್ದರು. ಮುಂದಿನ ಮೂರು ಸಾವಿರ ವರ್ಷಗಳ ಚರಿತ್ರೆ ಒಂದೇ, ಕತೆಗಾರರು ಇಬ್ಬರು. ಒಬ್ಬನದು ಅಚ್ಚಾದ ಮೇಲೆ ಇನ್ನೊಬ್ಬ ಅಳಿಸುವಂತಿಲ್ಲ ಎಂಬುದೊಂದೇ ಷರತ್ತು. ಕಂಪೌಂಡರ್ ಯುದ್ಧ ಹೂಡುತ್ತಿದ್ದರು. ಪ್ಲಂಬರ್ ತನ್ನ ಪುಟ್ಟ ಗ್ರಹದಲ್ಲಿ ನಲ್ಲಿ ರಿಪೇರಿ ಮಾಡಿಸುತ್ತಿದ್ದ.

"ಅಷ್ಟು ವರ್ಷ ಆದ್ಮೇಲೂ ನಲ್ಲಿ ಸೋರುತ್ತೇನೋ?"

"ಜನ ಇರ್ತಾರಲ್ಲ, ಸೋರದೆ ಏನು ಮಾಡುತ್ತೆ?"

ಆ ಗ್ರಹದಲ್ಲೊಬ್ಬ ಟೈಲರಮ್ಮ ಇದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳನ್ನು ಬೈಯುವವಳು. ಅವಳು ಪ್ಲಂಬರನ ಹೆಂಡತಿಯೇ ಎಂದು ಬೀದಿಗೆಲ್ಲ ಗೊತ್ತಿತ್ತು. ಒಂದು ತಿಂಗಳು ಯುದ್ಧಕ್ಕೆ ಖಾರ ಸಾಲದೆ ಕಂಪೌಂಡರ್ ಆ ಗ್ರಹವನ್ನು ಎರಡೇ ಸಾಲಿನಲ್ಲಿ ಸುಟ್ಟುಬಿಟ್ಟರು. ಪ್ಲಂಬರ್ ಮತ್ತೆ ಬರೆಯಲಿಲ್ಲ.

*

ಪ್ಲಂಬರನ ಹೆಂಡತಿ ಒಳಗಿನಿಂದ ಬಂದು ಬೆಂಚಿನ ನಡುವೆ ಕೂತಳು.

"ಒಂದು ಕೇಳ್ತೀನಿ, ಸಮಾಧಾನಕ್ಕೆ ಏನೋ ಒಂದು ಹೇಳ್ಬೇಡಿ. ಆ ಟೈಲರಮ್ಮ ಸತ್ತೇಹೋದ್ಲಾ?"

ಕಂಪೌಂಡರ್ ಮತ್ತೆ ಎದ್ದು ನಿಂತರು. "ಗ್ರಹ ಸುಟ್ಟಿದ್ದು ಅಚ್ಚಾಗಿಬಿಟ್ಟಿದೆ, ಅತ್ತಿಗೆ."

"ಗ್ರಹದ ಮಾತು ಯಾರು ಕೇಳಿದ್ರು? ಆಸ್ಪತ್ರೆಲೂ ಇವರಿಗೆ ಅದೇ ಕನವರಿಕೆ. 'ಅವಳನ್ನ ಹತ್ತಿಸಿದ್ರಾ, ಹತ್ತಿಸಿದ್ರಾ' ಅಂತ. ನಾನೇನು ಹೇಳ್ಲಿ? ನನಗೆ ಗೊತ್ತಿರ್ಲಿಲ್ಲ."

ಕಂಪೌಂಡರ್ ಆ ಎರಡು ಸಾಲುಗಳನ್ನು ಮನಸ್ಸಿನಲ್ಲೇ ತಡಕಾಡಿದರು. ಊರುಗಳು ಸುಟ್ಟವು, ಕಡಲು ಬತ್ತಿತು. ಯಾರೂ ಉಳಿಯಲಿಲ್ಲ ಎಂದು ಎಲ್ಲಿಯೂ ಬರೆದಿರಲಿಲ್ಲ. ಅವರಿಗೆ ಅಳು ಬಂತು.

"ಒಂದು ಹಡಗು ಹೊರಟಿತ್ತು," ಎಂದರು. "ಬೆಂಕಿ ಬೀಳೋ ಮುಂಚೆ."

"ಹತ್ತಿದ್ಲಾ?"

"ತುಂಬಾ ರಶ್ಶು ಅತ್ತಿಗೆ. ಕಾಲಿಡೋಕೂ ಜಾಗ ಇರ್ಲಿಲ್ಲ. ಬಾಗಿಲಲ್ಲೇ ನಿಂತಿದ್ಲು."

"ಆಮೇಲೆ?"

"ಒಳಗಿದ್ದೋರು ಯಾರೋ ಸ್ವಲ್ಪ ಸರಿದು ಕೂತ್ರು."

"ಬರೀತೀರಾ ಇದನ್ನ?"

"ಬರೀತೀನಿ."

ಹೊರಗೆ ವ್ಯಾನ್ ಬಂದು ನಿಂತಿತು. ಅವಳು ಅಂಗೈಯಿಂದ ಮುಖ ಒರೆಸಿಕೊಂಡು, ಬೆಂಚಿನ ಒಂದು ಕೊನೆಗೆ ಸರಿದು ಕೂತಳು.